ಎರಡನೇ ನಂಬರಿನ ಭಟ್ಟಿಗೆ ಹಾಕಿದ ಮುಯ್ಯಿ

ಗೆ,
ಶ್ರೀಯುತ ಎರಡನೇ ನಂಬರಿನ ಭಟ್ಟಿಯವರು,
ಅಗ್ನಿಶಿಲಾ ಸಿಮೆಂಟ್ಸ್, ಚಿಕ್ಕಮುಗಳಿ,
ತಾಲೂಕು ಬಾದಾಮಿ, ಜಿಲ್ಲೆ ಬಾಗಲಕೋಟೆ.

ಮಾನ್ಯರೇ,

ಹಬ್ಬವೆನ್ನದೆ, ಹುಣ್ಣಿಮೆಯೆನ್ನದೆ ಒಂದೇ ಸಮನೆ ತಿರುಗುತ್ತ, ನಾಡಿನ ದೊಡ್ಡ ಮೇಲ್ಸೇತುವೆಗಳಿಗೂ ನಮ್ಮೂರಿನ ಅರ್ಧಕ್ಕೆ ನಿಂತ ಸಮುದಾಯ ಭವನಕ್ಕೂ ಭೇದವೆಣಿಸದೆ ಸಿಮೆಂಟು ಒದಗಿಸುತ್ತಿರುವ ತಮಗೆ, ಚಿಕ್ಕಮುಗಳಿಯ ಸಮಸ್ತ ಹಿರಿಯರ ಪರವಾಗಿ ಶರಣು ಶರಣಾರ್ಥಿ. ತಮ್ಮ ಒಡಲಿನ ಬೆಂಕಿ ಕ್ಷೇಮವೆಂದು ನಂಬಿದ್ದೇವೆ. ಇತ್ತ ನಾವೆಲ್ಲರೂ ಕ್ಷೇಮ, ಒಂದು ಒಲೆಯ ಹೊರತು. ಆ ಒಲೆಯ ವಿಷಯವಾಗಿಯೇ ಈ ಪತ್ರ.

ಇದನ್ನು ಖುದ್ದಾಗಿ ತಮ್ಮ ಕೈಗೆ ಮುಟ್ಟಿಸಬೇಕೆಂದಿದ್ದೆ. ಆದರೆ ಕಾರ್ಖಾನೆಯ ಗೇಟಿನಲ್ಲಿ ಕಾವಲಿರುವ ಅರ್ಜು, "ಕಾಕಾ, ಭಟ್ಟಿಗೆ ಟಪಾಲ ಒಯ್ಯೋದು ನನ್ನ ಡ್ಯೂಟ್ಯಾಗ ಬರಂಗಿಲ್ಲ. ಒಳಗ ಹೋಗೋದು ಕಲ್ಲ ಇಲ್ಲಾ ಕಲ್ಲಿದ್ದಲ, ಎರಡರಾಗ ಇದು ಯಾವುದು ಹೇಳ" ಎಂದು ಲಾರಿಗಳ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದ್ದರಿಂದ, ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುವುದು ಅನಿವಾರ್ಯವಾಯಿತು. ಮನೆತನದ ಮಾತನ್ನು ನಾಲ್ಕು ಮಂದಿಯ ಮುಂದೆ ಆಡಿದನೆಂದು ತಾವು ಬೇಸರಿಸಬಾರದು.

ನಾನು ದುಂಡೇಶ. ಕೆರೂರ ಬಸ್ ನಿಲ್ದಾಣದ ಎದುರು ನಮ್ಮಕ್ಕ ಸಿದ್ದಲಿಂಗವ್ವ ನಡೆಸುವ ರೊಟ್ಟಿ ಖಾನಾವಳಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂಡುವವನು. ಊಟಕ್ಕೆ ಬಂದವರು ಕೈ ಒರೆಸಲು ಹರಿಯುವ ಮೊದಲು ದಿನಪತ್ರಿಕೆಗಳನ್ನು ಪೂರ್ತಿ ಓದಿ ಮುಗಿಸುವ ರೂಢಿಯವನು. ಆದ್ದರಿಂದ ತಮ್ಮ ಬಗೆಗೆ ಎರಡು ಸಂಗತಿಗಳನ್ನು ತಪ್ಪಿಲ್ಲದೆ ಹೇಳಬಲ್ಲೆ. ಜಗತ್ತಿನ ಗಾಳಿಗೆ ಸೇರುವ ಇಂಗಾಲದಲ್ಲಿ ತಮ್ಮಂಥ ಸಿಮೆಂಟಿನ ಭಟ್ಟಿಗಳ ಪಾಲು ಸಣ್ಣದಲ್ಲ ಎಂಬುದು ಮೊದಲನೆಯದು. ಆ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚಿನದು ತಾವು ಸುಡುವ ಕಲ್ಲಿದ್ದಲಿನಿಂದ ಬರುವುದೇ ಅಲ್ಲ, ಸುಣ್ಣದ ಕಲ್ಲು ಬೇಯುವಾಗ ಆ ಕಲ್ಲಿನ ಒಳಗಿಂದಲೇ ಹೊರಬೀಳುತ್ತದೆ ಎಂಬುದು ಎರಡನೆಯದು. ಅಂದಮೇಲೆ ಇಂಗಾಲ ಇಳಿಸುವ ಕೆಲಸವನ್ನು ದೊಡ್ಡ ಪಾಲಿನಿಂದಲೂ ಆರಂಭಿಸಬಹುದಿತ್ತು, ಸಣ್ಣ ಪಾಲಿನಿಂದಲೂ ಆರಂಭಿಸಬಹುದಿತ್ತು. ತಮ್ಮ ಕಂಪನಿಯವರು ವಿನಯವಂತರು. ಸಣ್ಣ ಪಾಲನ್ನೇ ಆರಿಸಿಕೊಂಡರು, ಅದರಲ್ಲಿಯೂ ಎಲ್ಲಕ್ಕಿಂತ ಸಣ್ಣ ತುದಿಯನ್ನು ಹಿಡಿದರು. ಆ ತುದಿಯಲ್ಲಿ ನಮ್ಮಕ್ಕ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

ತಾವು ಕಲ್ಲಿದ್ದಲು ಕಡಿಮೆ ಮಾಡಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಮೆಕ್ಕೆಜೋಳದ ದಂಟು ಸೇವಿಸಲಿದ್ದೀರೆಂಬ ಸುದ್ದಿ ಊರಿಗೆ ಬಂದ ದಿನ ನಮಗಾದ ಸಂತೋಷವನ್ನು ನೆನಪಿಸಬಯಸುತ್ತೇನೆ. ನಮ್ಮದು ಬಹುಪಾಲು ಶಾಕಾಹಾರಿಗಳ ಊರು. ಇಷ್ಟು ವರ್ಷ ನೆರೆಯಲ್ಲಿಯೇ ಇದ್ದು ಏನೇನನ್ನೋ ತಿನ್ನುತ್ತಿದ್ದವರೊಬ್ಬರು ಕಡೆಗೂ ಸೊಪ್ಪು-ಕಡ್ಡಿಯ ದಾರಿಗೆ ಬಂದರಲ್ಲ ಎಂದು ಹಿರಿಯರು ನೆಮ್ಮದಿಯ ಉಸಿರು ಬಿಟ್ಟರು. ಕಂಪನಿಯ ಪರಿಸರ ವಿಭಾಗದ ಅಧಿಕಾರಿ ಪ್ರಿಯದರ್ಶಿನಿ ಮೇಡಮ್ಮರು ಸಮುದಾಯ ಭವನದ ಮುಂದೆ ಸಭೆ ಕರೆದು, "ನಮ್ಮ ಭಟ್ಟಿ ನಿಮ್ಮ ಮನೆಯ ಸದಸ್ಯ" ಎಂದು ಬರೆದ ಬ್ಯಾನರು ಕಟ್ಟಿಸಿ, ತಮ್ಮ ಹೊಸ ಆಹಾರದ ಉದ್ಘಾಟನೆಯ ದಿನ ಪ್ರತಿ ಮನೆಯಿಂದ ಒಂದೊಂದು ಹೊರೆ ಕಟ್ಟಿಗೆಯನ್ನು ತಮಗೆ ಉಡುಗೊರೆಯಾಗಿ ತರಬೇಕೆಂದು ಕೇಳಿಕೊಂಡರು. ಮೈಸೂರಿನ ಕಡೆಯವರು, ಮಾತು ಮೃದು. ತಪ್ಪಾದದ್ದು ಆ ಬ್ಯಾನರಿನಿಂದ.

ಊರಿನ ಎಲ್ಲ ಮದುವೆಗಳಿಗೂ ಹಿರಿತನ ವಹಿಸುವ ಮರೆವ್ವ ಆಯಿ ಎದ್ದು ನಿಂತು, "ಮನಿ ಮಂದಿ ಅಂದ್ರ ಹೆಂಗವ್ವಾ? ಹುಟ್ಟಿದ ಸಂಬಂಧನೋ, ಕೊಟ್ಟು-ತಗೊಂಡ ಸಂಬಂಧನೋ?" ಎಂದು ಕೇಳಿದಳು. ಮೇಡಮ್ಮರು ನಕ್ಕು, "ನಿಮಗೆ ಹೇಗೆ ಅನಿಸುತ್ತದೋ ಹಾಗೆ ತಿಳಿದುಕೊಳ್ಳಿ ಅಜ್ಜಿ" ಎಂದುಬಿಟ್ಟರು. ಇಂಥ ಪ್ರಶ್ನೆಗೆ ನಮ್ಮ ಕಡೆ ಯಾರೂ ನಕ್ಕು ಉತ್ತರಿಸುವುದಿಲ್ಲ. ಆಯಿ ಸ್ವಲ್ಪ ಹೊತ್ತು ತಮ್ಮ ಚಿಮಣಿಯನ್ನೇ ನೋಡಿ ತೀರ್ಪು ಕೊಟ್ಟಳು: "ಹಂಗಾರ ಬೀಗರು ಅನ್ರಿ. ನಾವು ಕೊಡೋದು, ಅವರು ತಗೊಳ್ಳೋದು. ಕೊಟ್ಟದ್ದು ಸಾಲಲಿಲ್ಲಂತ ಮ್ಯಾಲೆ ಹೊಗಿ ಬಿಡೋದು. ಬೀಗರನ್ನ ಬಿಟ್ಟು ಮತ್ಯಾರು ಹಿಂಗ ಮಾಡ್ತಾರ?"

ಹೀಗೆ ತಾವು ನಮಗೆ ಬೀಗರಾದಿರಿ, ಅದೂ ಗಂಡಿನ ಕಡೆಯವರು. ತಾವು ಪರದೇಶದಿಂದ ಬಿಡಿಭಾಗಗಳಾಗಿ ಲಾರಿಯಲ್ಲಿ ಬಂದವರು, ನಮ್ಮ ಪದ್ಧತಿ ತಮಗೆ ತಿಳಿದಿರಲಿಕ್ಕಿಲ್ಲವಾದ್ದರಿಂದ ವಿವರಿಸುತ್ತೇನೆ. ಶುಭಕಾರ್ಯದಲ್ಲಿ ಸಂಬಂಧಿಕರಿಗೆ ಕೊಡುವುದಕ್ಕೆ ಮುಯ್ಯಿ ಎನ್ನುತ್ತಾರೆ. ಅದನ್ನು ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಓದಿಸುತ್ತಾರೆ. ತಗೊಂಡವರು, ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ತಾವು ತಗೊಂಡದ್ದನ್ನು ಒಂದು ಹಿಡಿ ಹೆಚ್ಚು ಮಾಡಿ ತಿರುಗಿಸಬೇಕು. ಇದನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಹೆಚ್ಚು ಕೊಟ್ಟವರಿಗೆ ಹೆಚ್ಚು ತಿರುಗಿ ಬರುತ್ತದೆ. ತಮ್ಮಂಥ ದೊಡ್ಡ ಮನೆತನ ಬೀಗರಾಗಿ ಸಿಕ್ಕಾಗ ಒಂದು ಹೊರೆ ಕೊಟ್ಟು ಕೈ ತೊಳೆದುಕೊಳ್ಳುವಷ್ಟು ನಮ್ಮವರು ದಡ್ಡರಲ್ಲ.

ಉದ್ಘಾಟನೆಯ ದಿನ ತಾವು ಕಂಡ ವೈಭವ ಅದು. ಭಜಂತ್ರಿಯವರು ಮುಂದೆ, ಕಟ್ಟಿಗೆಯ ಚಕ್ಕಡಿಗಳು ಹಿಂದೆ. ಗಂಡಸರು ಹೆಲ್ಮೆಟ್ ಇಲ್ಲದೆ ಒಳಗೆ ಬರಕೂಡದೆಂದು ಸುರಕ್ಷತಾ ಅಧಿಕಾರಿಗಳೂ, ಬೀಗರ ಮನೆಯಲ್ಲಿ ರುಮಾಲು ತೆಗೆಯಲಾರೆವೆಂದು ನಮ್ಮ ಹಿರಿಯರೂ ಹಟ ಹಿಡಿದಿದ್ದರಿಂದ, ರುಮಾಲಿನ ಮೇಲೆ ಹೆಲ್ಮೆಟ್ ಕೂಡಿಸಿಕೊಂಡು, ತಲೆ ಅಲುಗಿಸದೆ, ಒಬ್ಬರ ಹಿಂದೊಬ್ಬರು ಬಂದರು. ಹೆಂಗಸರು ಆರತಿ ಬೆಳಗಿದರು. ಶಿವಯೋಗ ಮಂದಿರದಿಂದ ತಂದ ವಿಭೂತಿಗಟ್ಟಿಯಿಂದ ತಮ್ಮ ಸುತ್ತಲಿನ ಕಬ್ಬಿಣದ ಕಟಕಟೆಯ ಕಂಬಕ್ಕೆ ಮೂರು ಬೆರಳಿನ ಪಟ್ಟೆ ಎಳೆದವನು ನಾನೇ. ಅದುವರೆಗೆ ತಾವು ನಮ್ಮ ಮಾಳಿಗೆಗೂ, ಒಣಹಾಕಿದ ಬಟ್ಟೆಗೂ, ಹಪ್ಪಳಕ್ಕೂ ನಿತ್ಯ ತಪ್ಪದೆ ಬೂದಿ ಹಚ್ಚುತ್ತಿದ್ದಿರಿ. ನಾವು ತಮಗೆ ಹಚ್ಚಿದ್ದು ಅದೇ ಮೊದಲು.

ಆಮೇಲೆ ಮುಯ್ಯಿ ಓದಿಸಿದರು. ಮೈಕಿನಲ್ಲಿ ಒಬ್ಬರು ಎರಡು ಹೊರೆ, ಇನ್ನೊಬ್ಬರು ಒಂದು ಚಕ್ಕಡಿ ಎನ್ನುತ್ತಿದ್ದಂತೆ ಪೈಪೋಟಿ ಏರಿತು. ನಮ್ಮಕ್ಕ ಕೇಳುವಷ್ಟು ಕೇಳಿದಳು. ಅವಳ ಹಿತ್ತಿಲಲ್ಲಿ ಹತ್ತಿಕಟ್ಟಿಗೆಯ ಒಂದು ಬಣವೆ ಇತ್ತು, ಮಗಳು ನಾಗರತ್ನಾಳ ಮದುವೆಯ ರೊಟ್ಟಿಗೂ, ಅದರಾಚೆ ಮಳೆಗಾಲದ ಖಾನಾವಳಿಗೂ ಕೂಡಿಸಿಟ್ಟದ್ದು. ಅವಳು ಮೈಕು ಕಸಿದುಕೊಂಡು, "ನಂದು ಇಡೀ ಬಣವಿ ಬರಕೊಳ್ರಿ! ನನ್ನ ಮಗಳ ಲಗ್ನಕ್ಕ ಬೀಗರು ಬರ್ತಾರ, ಮರಳಿ ತರ್ತಾರ!" ಎಂದಳು. ಪ್ರಿಯದರ್ಶಿನಿ ಮೇಡಮ್ಮರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿ ತಗೊಂಡ ಮುಯ್ಯಿಯನ್ನು ತಗೊಂಡಿಲ್ಲವೆನ್ನಲು ಬರುವುದಿಲ್ಲ, ಮಾನ್ಯರೇ.

ತಮ್ಮ ಹಸಿವಿನ ಅಳತೆ ನಮಗೆ ತಿಳಿದದ್ದು ಅಂದೇ. ಊರೇ ಹೊತ್ತು ತಂದದ್ದನ್ನು ತಾನೇ ಸಾಗುವ ರಬ್ಬರಿನ ಪಟ್ಟಿಯ ಮೇಲೆ ಏರಿಸಿ ಒಳಗೆ ಬಿಟ್ಟರು. ಭಜಂತ್ರಿಯವರು ಒಂದು ಹಾಡು ಮುಗಿಸುವುದರೊಳಗೆ ಪಟ್ಟಿ ಖಾಲಿಯಾಗಿತ್ತು. ತಮ್ಮ ಬೆಂಕಿಯನ್ನು ನೋಡಿಕೊಳ್ಳುವ ಕೆರೂರಿನ ಖಾದರಬಾಷಾ, ನಮ್ಮಲ್ಲಿಯೇ ನಿತ್ಯ ಊಟ ಮಾಡುವವನು, ನನ್ನ ಕಿವಿಯಲ್ಲಿ, "ದುಂಡೇಶಣ್ಣಾ, ಇದರ ಊಟ ಬ್ಯಾರೇನ ಐತಿ. ನಿಮ್ಮೂರಿನ ಕಟ್ಟಿಗಿ ಇದಕ್ಕ ಊಟಾದಮ್ಯಾಲ ಬಾಯಾಗ ಹಾಕ್ಕೊಳ್ಳೋ ಬಡಿಸೋಪು ಅಷ್ಟ" ಎಂದ. ನಾನು ಅದನ್ನು ಅಕ್ಕನಿಗೆ ಹೇಳಲಿಲ್ಲ. ತನ್ನ ಬಣವೆ ಯಾರದೋ ಬಾಯಿಯ ಬಡಿಸೋಪಾಯಿತೆಂದು ಯಾವ ಹೆಣ್ಣುಮಗಳಿಗೂ ಹೇಳಲು ಬಾಯಿ ಬರುವುದಿಲ್ಲ.

ಆಮೇಲೆ ಬಡಿಸೋಪಿನ ಹುಡುಕಾಟ ಆರಂಭವಾಯಿತು. ಕಟ್ಟಿಗೆಯನ್ನು ಪೆಂಡಿ ಕಟ್ಟುವ ಕಂಪನಿಯ ಯಂತ್ರಗಳು ಹೊಲಗಳಿಗೆ ಇಳಿದವು. ಬೆಲೆ ಕೊಟ್ಟರು, ಸುಳ್ಳು ಹೇಳಬಾರದು. ಹೊಲದವರೂ ಸಂತೋಷದಿಂದಲೇ ಕೊಟ್ಟರು. ಬಾದಾಮಿ ತಾಲೂಕು ಮುಗಿಸಿ ಹುನಗುಂದಕ್ಕೆ ಹೋದರು, ರಾಮಥಾಳದ ನೀರಾವರಿ ಹೊಲಗಳ ಮೆಕ್ಕೆಜೋಳದ ದಂಟನ್ನೂ ಬಿಡಲಿಲ್ಲ. ಯಂತ್ರಗಳ ಶ್ರದ್ಧೆ ಎಷ್ಟೆಂದರೆ, ಒಬ್ಬರ ಹೊಲದ ಬೆದರುಗೊಂಬೆಯನ್ನು ಅಂಗಿ-ಟೊಪ್ಪಿಗೆಯ ಸಮೇತ ಪೆಂಡಿ ಕಟ್ಟಿದವು. ಮರೆವ್ವ ಆಯಿಯ ಅವರೆಬಳ್ಳಿಯ ಹಂದರವನ್ನು, ಬಳ್ಳಿ ಇನ್ನೂ ಹೂ ಬಿಡುತ್ತಿರುವಾಗಲೇ, ಅಚ್ಚುಕಟ್ಟಾದ ಚೌಕವನ್ನಾಗಿ ಮಾಡಿ ಅಂಗಳದಲ್ಲಿ ಇಟ್ಟುಹೋದವು. ಆಯಿ ಈಗ ಅದರ ಮೇಲೆಯೇ ಕುಳಿತಿರುತ್ತಾಳೆ, ಒಯ್ಯಲು ಬಂದರೆ ತನ್ನನ್ನೂ ಒಯ್ಯಲಿ ಎಂದು. ಕೆರೂರ ಸಂತೆಯಲ್ಲಿ ಕಟ್ಟಿಗೆ ಮಾರುವವರು ಕೂಡುತ್ತಿದ್ದ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ.

ಖಾನಾವಳಿಯಲ್ಲಿ ಗ್ಯಾಸ್ ಇಲ್ಲವೇ ಎಂದು ತಾವು ಕೇಳಬಹುದು. ಇದೆ. ಅನ್ನ, ಪಲ್ಯ, ಚಹಾ ಅದರ ಮೇಲೆಯೇ. ಆದರೆ ರೊಟ್ಟಿ ಹಂಚಿನಿಂದ ಇಳಿದ ಮೇಲೆ ಒಲೆಯ ಬಾಯಿಗೆ ಆತುಕೊಂಡು, ಕೆಂಡದ ಎದುರು ಉಬ್ಬಬೇಕು. ಗ್ಯಾಸಿಗೆ ಕೆಂಡವಿಲ್ಲ. ಅದರ ಮೇಲೆ ಮಾಡಿದ್ದನ್ನು ತಿಂದ ಬಸ್ಸಿನ ಡ್ರೈವರೊಬ್ಬರು, "ಸಿದ್ದಲಿಂಗಕ್ಕಾ, ಇದು ರೊಟ್ಟಿನೋ ರಸೀದಿನೋ?" ಎಂದು ಕೇಳಿ ಹೋದವರು ಮತ್ತೆ ಬಂದಿಲ್ಲ. ಅಕ್ಕನ ಒಲೆ ಆರಿದೆ. ನಾಗರತ್ನಾಳ ಮದುವೆ ಬರುವ ವಾರ. ಗಂಡು ಇಳಕಲ್ಲಿನವರು, ಸೀರೆಯ ವಿಷಯದಲ್ಲಿ ಅವರು ನಮಗೆ ಮಾತು ಕಲಿಸುತ್ತಾರೆ, ರೊಟ್ಟಿಯ ವಿಷಯದಲ್ಲಿ ನಾವು ಅವರಿಗೆ ಕಲಿಸುವುದಾಗಿ ನಿಶ್ಚಯದ ದಿನವೇ ನಮ್ಮಕ್ಕ ಎಲ್ಲರೆದುರು ಹೇಳಿ ಬಂದಿದ್ದಾಳೆ. ಮದುವೆಗೆ ಬಂದವರೆಲ್ಲ ಉಂಡು ಮಿಗುವಷ್ಟು ಖಡಕ್ ರೊಟ್ಟಿ ಆಗಬೇಕು. ಹಿಟ್ಟು ಬೀಸಿ ಇಟ್ಟಾಗಿದೆ, ಬಡಿಯಲು ಓಣಿಯ ಹೆಂಗಸರು ಬಂದು ಕುಳಿತಿದ್ದಾರೆ. ಬೆಂಕಿ ಮಾತ್ರ ಬೀಗರ ಮನೆಯಲ್ಲಿದೆ.

ಆದ್ದರಿಂದಲೇ ಕಳೆದ ಸೋಮವಾರ ನಾವು ತಮಗೆ ಲಗ್ನಪತ್ರಿಕೆ ಕೊಡಲು ಬಂದದ್ದು. ಅಕ್ಕ ಒಂದು ಕೈಯಲ್ಲಿ ಅರಿಷಿಣ-ಕುಂಕುಮ, ಇನ್ನೊಂದು ಕೈಯಲ್ಲಿ ನಾದಿದ ಹಿಟ್ಟಿನ ಪರಾತ ಹಿಡಿದಿದ್ದಳು. ಪ್ರಿಯದರ್ಶಿನಿ ಮೇಡಮ್ಮರು ಹಿಟ್ಟು ಏಕೆಂದು ಕೇಳಿದ್ದಕ್ಕೆ, "ಹಿಟ್ಟು ನಾ ನಾದೀನಿ, ಬೆಂಕಿ ನೀವು ಇಟ್ಕೊಂಡೀರಿ. ಇನ್ನ ಕೂಡಿಸೋದು ಯಾರ ಕೆಲಸ, ನೀವ ಹೇಳ್ರಿ" ಎಂದಳು. ಅವರು ಮುಯ್ಯಿಯ ಸಂಗತಿ ಕೇಳಿ ನಿಜವಾಗಿಯೂ ಗಾಬರಿಯಾದರು. ಕಟ್ಟಿಗೆ ಹೊರಗೆ ಕಳಿಸಲು ಕಂಪನಿಯಲ್ಲಿ ದಾರಿಯಿಲ್ಲ, ಎಲ್ಲವೂ ಒಳಗೆ ಬರುವ ದಾರಿಗಳೇ ಎಂದು ವಿವರಿಸುತ್ತ, ಸಮಾಧಾನಕ್ಕೆಂದು ನಮ್ಮನ್ನು ತಮ್ಮ ದರ್ಶನಕ್ಕೆ ಕರೆತಂದರು. ಸಮಾಧಾನಕ್ಕೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿರಲಿಲ್ಲ.

ಅಕ್ಕ ತಮ್ಮನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ರೈಲಿನಷ್ಟು ಉದ್ದದ ಉಕ್ಕಿನ ಕೊಳವೆ, ಸ್ವಲ್ಪ ಓರೆಯಾಗಿ ಮಲಗಿ ನಿಧಾನ ಮಗ್ಗಲು ಬದಲಿಸುತ್ತಿದೆ. ಬೆಂಕಿ ಒಳಗಿದ್ದರೂ ಕಾವು ಹೊರಗಿನ ತಗಡಿನಿಂದ ಮುಖಕ್ಕೆ ರಾಚುತ್ತಿದೆ. "ಈ ಕಾವು ಎಲ್ಲಿಗಿ ಹೋಗತೈತೋ ಖಾದರ?" ಎಂದು ಕೇಳಿದಳು. "ಎಲ್ಲಿಗೂ ಇಲ್ಲಕ್ಕಾ, ಹಂಗ ಗಾಳಿಗಿ" ಎಂದ ಖಾದರಬಾಷಾ. ಅಕ್ಕ ಪರಾತದೊಳಗಿನ ಬಟ್ಟಲಿನ ನೀರಿನಲ್ಲಿ ಕೈ ಅದ್ದಿ ತಮ್ಮ ಬೆನ್ನಿಗೆ ಹನಿ ಸಿಡಿಸಿದಳು. ಹನಿ ಚುಂಯ್ ಎಂದಿತು. "ಹಂಚು ಕಾದೈತಿ" ಎಂದಳು.

ಸುರಕ್ಷತಾ ಅಧಿಕಾರಿಗಳು ಓಡಿಬಂದು, ಬಿಸಿ ಕೆಲಸಕ್ಕೆ ಪರವಾನಗಿ ಬೇಕು, ಪರವಾನಗಿ ಇಲ್ಲದೆ ಬಿಸಿ ಕೆಲಸ ಮಾಡಕೂಡದು ಎಂದರು. "ತಣ್ಣಗ ರೊಟ್ಟಿ ಯಾರು ಮಾಡ್ತಾರೋ ತಮ್ಮಾ?" ಎನ್ನುತ್ತಲೇ ಅಕ್ಕ ಪಕ್ಕದ ಕಟ್ಟೆಯ ಮೇಲೆ ರೊಟ್ಟಿ ಬಡಿದು, ನೀರು ಸವರಿ, ಹಸಿ ಮೈ ತಗಡಿಗೆ ತಾಗುವಂತೆ ಅಂಗೈಯಿಂದ ತಮ್ಮ ಬೆನ್ನಿಗೆ ಒಗೆದಳು. ಅಂಟಿತು. ಎಲ್ಲರೂ ನೋಡುತ್ತಿದ್ದಂತೆ ರೊಟ್ಟಿ ನಿಧಾನವಾಗಿ ಮೇಲೇರಿ, ತಮ್ಮ ನೆತ್ತಿಯ ಆಚೆ ಮರೆಯಾಯಿತು. ಅಷ್ಟು ಜನ ಒಟ್ಟಿಗೆ ಕತ್ತೆತ್ತಿ ನಿಂತದ್ದನ್ನು ನಾನು ತಾಳಿ ಕಟ್ಟುವ ಹೊತ್ತಿನಲ್ಲಿಯೂ ನೋಡಿಲ್ಲ. ಸ್ವಲ್ಪ ಹೊತ್ತಿಗೆ ಅದು ತಮ್ಮ ಹೊಟ್ಟೆಯ ಕೆಳಗಿನಿಂದ ಸುತ್ತಿಕೊಂಡು ಮರಳಿ ಬಂತು. ಖಾದರಬಾಷಾ ಉದ್ದನೆಯ ಸಲಿಕೆಯಿಂದ ಎಬ್ಬಿಸಿದ. ಒಂದು ಮಗ್ಗಲು ಬೆಂದಿತ್ತು. ತಿರುವಿ ಹಾಕಿದಳು, ಇನ್ನೊಂದು ಸುತ್ತಿಗೆ ಇನ್ನೊಂದು ಮಗ್ಗಲು. ಹಂಚು ತಾನೇ ತಿರುಗುವ ಒಲೆ ಜಗತ್ತಿನಲ್ಲಿ ಬೇರೆ ಎಲ್ಲಿಯೂ ಇರಲಾರದು. ಪ್ರಿಯದರ್ಶಿನಿ ಮೇಡಮ್ಮರು ಒಂದು ಚೂರು ಮುರಿದು, ಅಕ್ಕ ಕಟ್ಟಿಕೊಂಡು ಬಂದಿದ್ದ ಚಟ್ನಿಯೊಂದಿಗೆ ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ" ಎಂದರು. ಅವರ ಕಣ್ಣಲ್ಲಿ ನೀರು ಬಂದದ್ದು ಕಾವಿಗೋ ಖಾರದ ಚಟ್ನಿಗೋ ನಾನು ವರದಿ ಮಾಡಲಾರೆ. ಸುರಕ್ಷತಾ ಅಧಿಕಾರಿಗಳೂ ತಿಂದರು, ಹೆಲ್ಮೆಟ್ ತೆಗೆಯದೆ.

ಮರುದಿನವೇ ಗೇಟಿನಲ್ಲಿ "ಭಟ್ಟಿಯ ಮೇಲೆ ರೊಟ್ಟಿ ಹಾಕುವುದನ್ನು ನಿಷೇಧಿಸಲಾಗಿದೆ" ಎಂಬ ಹೊಸ ಫಲಕ ಬಿತ್ತು. ಇಷ್ಟು ತ್ವರಿತವಾಗಿ ತಮ್ಮ ಕಂಪನಿ ಯಾವುದನ್ನೂ ನಿಷೇಧಿಸಿದ್ದನ್ನು ನಾವು ಕಂಡಿಲ್ಲ. ಹೊಗೆಯ ಬಗೆಗೆ ನಾವು ಹಿಂದೆ ಬರೆದಿದ್ದ ಅರ್ಜಿಯಲ್ಲಿ ರೊಟ್ಟಿಯ ಹೆಸರನ್ನು ಸೇರಿಸಬೇಕಿತ್ತೆಂದು ಈಗ ಅನಿಸುತ್ತಿದೆ. ಅದೇ ದಿನ ಸಂಜೆ ಕಂಪನಿಯ ವಾರ್ಷಿಕ ಪುಸ್ತಿಕೆಯೂ ನಮ್ಮ ಕೈ ಸೇರಿತು. ಸುತ್ತಲಿನ ಹಳ್ಳಿಗಳಲ್ಲಿ ಆರಿದ ಒಲೆಗಳಿಂದ ಎಷ್ಟು ಹೊಗೆ ಉಳಿಯಿತೋ ಅದನ್ನೆಲ್ಲ ತಮ್ಮ ಸಾಧನೆಯೆಂದು ಅದರಲ್ಲಿ ಲೆಕ್ಕ ಹಿಡಿದಿದ್ದಾರೆ. ಸಿದ್ದಲಿಂಗವ್ವನ ಒಲೆಯ ಚಿತ್ರವೂ ಇದೆ, ಬೂದಿ ತೆಗೆದು ಸ್ವಚ್ಛ ಮಾಡಿದ್ದು. ಅದರ ಕೆಳಗೆ "ಪರಿವರ್ತನೆಯ ಹರಿಕಾರಿಣಿ" ಎಂದಿದೆ. ತಾವು ಹೊಗೆ ಬಿಟ್ಟಿದ್ದಕ್ಕೆ ಆಕೆ ಅಡಿಗೆ ಬಿಟ್ಟು ಸರಿದೂಗಿಸಿದಳು. ಇಂಥ ಹೊಂದಾಣಿಕೆ ಒಳ್ಳೆಯ ಬೀಗರಲ್ಲಿ ಮಾತ್ರ ಸಾಧ್ಯ.

ಮಾನ್ಯರೇ, ತಮ್ಮ ಮೇಲೆ ನಮಗೆ ಹಗೆಯಿಲ್ಲ. ಇಂಗಾಲ ಇಳಿಯಲಿ, ನಮ್ಮ ಮಾಳಿಗೆಯೂ ಅದನ್ನೇ ಬಯಸುತ್ತದೆ. ಹೊಗೆಯನ್ನು ಹೊರಗೆ ಬಿಡದೆ ಹಿಡಿದಿಡುವ ಯಂತ್ರ ಇನ್ನು ಕೆಲವು ವರ್ಷಗಳಲ್ಲಿ ಬರಲಿದೆಯೆಂದು ಪತ್ರಿಕೆಯಲ್ಲಿ ಓದಿದ್ದೇನೆ. ಅದು ಬರುವವರೆಗೆ ತಾವು ಉಸಿರು ಬಿಗಿಹಿಡಿದುಕೊಂಡಿದ್ದರೆ ಬಹಳ ಉಪಕಾರವಾದೀತು. ಅದು ಆಗದಿದ್ದರೆ ಮದುವೆಗೆ ದಯಮಾಡಿಸಬೇಕು. ಕೆರೂರಿನ ಮಂಗಲ ಕಾರ್ಯಾಲಯದವರೊಂದಿಗೆ ಮಾತಾಡಿದ್ದೇನೆ. ತಾವು ಬರುವುದು ಖರೆಯಾದರೆ ಹಿಂದಿನ ಗೋಡೆ ತೆಗೆಸಲು ಒಪ್ಪಿದ್ದಾರೆ, ಹೊಸ ಗೋಡೆಗೆ ಸಿಮೆಂಟು ತಾವೇ ತರಬೇಕೆಂಬ ಕರಾರಿನ ಮೇಲೆ. ಅಕ್ಷತೆ ಬೀಳುವ ಹೊತ್ತಿಗೆ ತುಸು ನಿಧಾನ ತಿರುಗಿದರೆ ಸಾಕು. ಬರುವುದು ಅಸಾಧ್ಯವಾದರೆ, ಮುಯ್ಯಿಯ ಬಣವೆಯನ್ನು ರೂಢಿಯಂತೆ ಒಂದು ಹಿಡಿ ಹೆಚ್ಚು ಮಾಡಿ ಕಳಿಸಬೇಕು. ಎರಡೂ ಆಗದಿದ್ದರೆ, ಹೇಗೂ ಗಾಳಿಗೆ ಹೋಗುತ್ತಿರುವ ತಮ್ಮ ಬೆನ್ನಿನ ಕಾವನ್ನು ಮದುವೆಯವರೆಗೆ ನಮಗೆ ಬಿಟ್ಟುಕೊಡಬೇಕು. ಹೆಂಗಸರಿಗೆಲ್ಲ ಹೆಲ್ಮೆಟ್ ಹಾಕಿಸುವ ಹೊಣೆ ನನ್ನದು. ಈ ಮೂರರಲ್ಲಿ ಯಾವುದೂ ನಡೆಯದೆ, ಇಳಕಲ್ಲಿನ ಬೀಗರ ಎಲೆಯಲ್ಲಿ ನಮ್ಮಕ್ಕ ಗ್ಯಾಸಿನ ರೊಟ್ಟಿ ಬಡಿಸಬೇಕಾಗಿ ಬಂದರೆ, ಅವಳು ಯಾರ ಮುಖ ನೋಡುವಳೋ ನನಗೆ ಗೊತ್ತಿಲ್ಲ. ತಮ್ಮ ಮುಖವನ್ನಂತೂ ದಿನಾಲೂ ನೋಡಬೇಕಾಗುತ್ತದೆ, ಅದು ಊರಿಗೆಲ್ಲ ಕಾಣುತ್ತದೆ.

ಮುಯ್ಯಿಯ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ ಮತ್ತು ಹೆಣ್ಣಿನ ಕಡೆಯ ಬೀಗ,
ದುಂಡೇಶ
ಚಿಕ್ಕಮುಗಳಿ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವ ಹೊತ್ತಿಗೆ ಕಂಪನಿಯ ಜೀಪು ಬಂದು, ಒಲೆ ಆರಿಸಿದ್ದಕ್ಕಾಗಿ ಸಿದ್ದಲಿಂಗವ್ವನಿಗೆ ಪ್ರಶಂಸಾ ಪತ್ರ ಕೊಟ್ಟುಹೋಯಿತು. ಗಾಜು ಹಾಕಿದ ಸಾಗವಾನಿ ಚೌಕಟ್ಟು, ಚೆನ್ನಾಗಿ ಒಣಗಿದ ಕಟ್ಟಿಗೆ. ಅಕ್ಕ ಗಾಜನ್ನು ಜೋಪಾನವಾಗಿ ತೆಗೆದಿಟ್ಟು, ಉಳಿದದ್ದನ್ನು ಒಲೆಗೆ ಹಾಕಿದಳು. ಕಾಗದ ಬೇಗ ಹತ್ತಿಕೊಂಡಿತು, ಚೌಕಟ್ಟಿಗೆ ಒಳ್ಳೆಯ ಕೆಂಡ ಬಂತು, ಒಂದು ರೊಟ್ಟಿ ಉಬ್ಬಿತು. ನಾಗರತ್ನಾ ಅರ್ಧ, ಮರೆವ್ವ ಆಯಿ ಅರ್ಧ ತಿಂದರು. ಮುಯ್ಯಿಯ ಮೊದಲ ಕಂತು ಮುಟ್ಟಿತೆಂದು ತಿಳಿಸಲು ಅಕ್ಕ ಹೇಳಿದ್ದಾಳೆ. ಬರುವ ವಾರದೊಳಗೆ ಇಂಥವೇ ಪ್ರಶಂಸಾ ಪತ್ರಗಳನ್ನು ಒಂದು ಬಣವೆಯಷ್ಟು ಕಳಿಸಿದರೆ ಲೆಕ್ಕ ಚುಕ್ತಾ. ಅವುಗಳ ಹೊಗೆಯನ್ನು ಮಾತ್ರ ದಯವಿಟ್ಟು ತಮ್ಮ ಲೆಕ್ಕಕ್ಕೇ ಬರೆದುಕೊಳ್ಳಿ.